ಕಬ್ಬು, ಹೊಗೆಸೊಪ್ಪು ಮತ್ತು ಪರದೇಶಿ ಹಾಡು

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಒಂದು ಮಾತನ್ನು ನಾನು ಹತ್ತಾರು ಬಾಯಲ್ಲಿ ಕೇಳಿದ್ದೇನೆ. ಸಂಕ್ರಾಂತಿಯ ಆಸುಪಾಸು, ಬೆಳಗಿನ ಮಂಜು ಇನ್ನೂ ಕಾವೇರಿಯ ಮೇಲೆ ನಿಂತಿರುತ್ತದೆ. ಹಳ್ಳಿಕಾರ್ ಜೋಡಿಗಳ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಮುಂದೆ ತಮಟೆ ಹೊಡೆಸಿಕೊಂಡು ರೈತರು ಬರುತ್ತಾರೆ. ಆಚೆ ರಾಟವಾಳದ ಪಕ್ಕದ ಸ್ಪೀಕರಿನಿಂದ ‘ಡೆಸ್ಪಸೀತೊ’ದಂಥ ಲ್ಯಾಟಿನ್ ಅಮೆರಿಕದ ಹಾಡು. ಹುಡುಗರು ಕುಣಿಯುತ್ತಾರೆ. ಪಕ್ಕದಲ್ಲಿ ನಿಂತವರು ಮುಖ ಸಿಂಡರಿಸಿ ಹೇಳುತ್ತಾರೆ: ಅರ್ಥವಿಲ್ಲ, ರಾಗವಿಲ್ಲ, ಎಲ್ಲಿಂದಲೋ ಬಂದ ಪರದೇಶಿ ಕೂಗಾಟ. ಇದರಿಂದಲೇ ನಮ್ಮ ಜಾತ್ರೆ ಕೆಟ್ಟಿತು, ನಮ್ಮ ಮಣ್ಣಿನ ಹಾಡು ಸತ್ತಿತು.

ಹೀಗೆ ಹೇಳುವವರು ಕೆಟ್ಟವರಲ್ಲ. ಮೇಷ್ಟರುಗಳು, ಊರಿನ ಹಿರಿಯರು, ಸಂಸ್ಕೃತಿಯ ಬಗ್ಗೆ ಕಳಕಳಿಯಿಂದ ಬರೆಯುವವರು, ಸಭೆಗಳಲ್ಲಿ ಮಾತಾಡುವವರು. ಎದುರು ಮಾತಿಲ್ಲದೆ ಎಲ್ಲರೂ ತಲೆಯಾಡಿಸುವ ಅಭಿಪ್ರಾಯ ಇದು. ನಾನು ತಲೆಯಾಡಿಸಲಾರೆ. ಲ್ಯಾಟಿನ್ ಅಮೆರಿಕದ ಜನಪ್ರಿಯ ಹಾಡುಗಳ ಮೇಲೆ ಹೊರಿಸುವ ಈ ಆಪಾದನೆ ತಪ್ಪು. ಆ ತಪ್ಪು ಕಡಲಾಚೆಯ ಯಾರಿಗೋ ಮಾಡಿದ ಅನ್ಯಾಯವಾಗಿ ನಿಲ್ಲುವುದಿಲ್ಲ, ಸುತ್ತಿ ಬಂದು ನಮ್ಮ ಕೇರಿಯ ತಮಟೆಯವರ ಮೇಲೇ ಬೀಳುತ್ತದೆ.

ಮಣ್ಣಿನ ಮಾತು ಬಂತಲ್ಲ, ಮಣ್ಣಿನಿಂದಲೇ ಶುರು ಮಾಡುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕು ತಾಲ್ಲೂಕುಗಳ ಕೆಂಪು ನೆಲದಲ್ಲಿ ಬೆಳೆಯುವುದೇನು? ಮಳೆ ನಂಬಿದ ಕಡೆ ಹೊಗೆಸೊಪ್ಪು, ನಾಲೆ ನೀರು ಹರಿದ ಕಡೆ ಭತ್ತ ಮತ್ತು ಕಬ್ಬು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿದ ಕೈಗೆ ಹತ್ತುವ ಅಂಟು ನನಗೆ ಗೊತ್ತು. ಸೋಪು ಹಾಕಿದರೂ ಹೋಗದ ಕಪ್ಪು ಅದು. ರಾತ್ರಿಯೆಲ್ಲ ಸೌದೆ ಒಟ್ಟಿ, ಶಾಖ ಏರದಂತೆ ಇಳಿಯದಂತೆ ಕಾಯುವ ನಿದ್ದೆಗೇಡು ಗೊತ್ತು. ಹರಾಜು ಮಾರುಕಟ್ಟೆಯಲ್ಲಿ ಬೇಲಿನ ಮೇಲೆ ಬರೆದ ದರ ನೋಡಿ ಮನೆಯವರು ಮಾತು ನಿಲ್ಲಿಸಿದ್ದು ಗೊತ್ತು. ಇನ್ನು ಕಬ್ಬು. ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯ ಚಕ್ರ ವರ್ಷಗಟ್ಟಲೆ ನಿಂತಾಗ ಸುತ್ತಿನ ಹಳ್ಳಿಗಳಿಗೆ ಏನಾಯಿತೆಂದು ಕೇಳಬೇಕಾದರೆ ಗದ್ದೆಯ ಬದುವಿನ ಮೇಲೆ ನಿಂತ ಯಾರನ್ನಾದರೂ ಕೇಳಬಹುದು.

ಕ್ಯೂಬಾ ಎಂಬ ದ್ವೀಪದ ಕಥೆಯೂ ಈ ಎರಡೇ ಬೆಳೆಗಳ ಕಥೆ. 1940ರಲ್ಲಿ ಫರ್ನಾಂದೊ ಓರ್ತಿಸ್ ಎಂಬ ಕ್ಯೂಬಾದ ವಿದ್ವಾಂಸರು ತಮ್ಮ ದೇಶದ ಚರಿತ್ರೆಯನ್ನು ಬರೆಯಹೊರಟಾಗ ರಾಜರ ಹೆಸರು, ಯುದ್ಧದ ಹೆಸರು ಬಿಟ್ಟು, ಹೊಗೆಸೊಪ್ಪು ಮತ್ತು ಸಕ್ಕರೆಯನ್ನು ಎದುರುಬದುರು ನಿಲ್ಲಿಸಿ ಒಂದು ಪುಸ್ತಕವನ್ನೇ ಬರೆದರು. ಆಫ್ರಿಕಾದಿಂದ ಹಡಗಿನ ತಳದಲ್ಲಿ ಸರಪಣಿ ಹಾಕಿ ತಂದ ಮನುಷ್ಯರನ್ನು ಅಲ್ಲಿನ ಕಬ್ಬಿನ ಗದ್ದೆಗೆ ಇಳಿಸಿದ್ದರು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾದದ್ದು 1886ರಲ್ಲಿ, ಬ್ರೆಜಿಲ್‌ನಲ್ಲಿ 1888ರಲ್ಲಿ. ಇಂದು ನಾವು ಲ್ಯಾಟಿನ್ ಲಯ ಎಂದು ಕರೆಯುವುದರ ಬೆನ್ನೆಲುಬು ಆ ಜನರದ್ದು. ಚರ್ಮವಾದ್ಯ ಕೈಗೆ ಸಿಗದಿದ್ದ ಕಡೆ ಅವರು ಹಡಗಿನಿಂದ ಇಳಿದ ಮರದ ಪೆಟ್ಟಿಗೆಗಳನ್ನು ಕವುಚಿ ಹಾಕಿಕೊಂಡು ಬಾರಿಸಿದರು. ಹವಾನಾ ಮತ್ತು ಮತಾನ್ಸಾಸ್ ಬಂದರಿನ ಹಮಾಲರ ಕೇರಿಗಳಲ್ಲಿ ಹುಟ್ಟಿದ ರುಂಬಾ ಹಾಗೆ ಪೆಟ್ಟಿಗೆಯ ಮೇಲೆ ಬೆಳೆಯಿತು. ಪೆರುವಿನ ಕರಾವಳಿಯ ಕಪ್ಪು ಜನರು ಪೆಟ್ಟಿಗೆಯ ಮೇಲೆಯೇ ಕೂತು ಕಾಲ ಸಂದಿಯಲ್ಲಿ ಅದನ್ನು ಬಾರಿಸಿ ಕಹೋನ್ ಎಂಬ ವಾದ್ಯವನ್ನು ಮಾಡಿದರು. ಅಂಥ ರುಂಬಾವನ್ನು ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಅದಕ್ಕೆ ಮೊದಲು ಸಿಕ್ಕ ಮರ್ಯಾದೆ ಬೇರೆಯೇ ತೆರದ್ದು. 1920ರ ದಶಕದ ಕ್ಯೂಬಾದಲ್ಲಿ ಬೀದಿಯ ಕಾಂಗಾ ಮೆರವಣಿಗೆಗಳ ಮೇಲೆ ನಿಷೇಧ ಬಿದ್ದಿತ್ತು. ಬ್ರೆಜಿಲ್‌ನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಾಂಬಾ ಬಾರಿಸುವವರನ್ನು ಪೊಲೀಸರು ಅಟ್ಟಾಡಿಸುತ್ತಿದ್ದರು. ಕೇಳುವುದಕ್ಕೆ ಅಸಹ್ಯ, ಸಭ್ಯರ ಬೀದಿಗೆ ತಕ್ಕದ್ದಲ್ಲ, ಎಲ್ಲಿಂದಲೋ ಬಂದವರ ಕೂಗಾಟ: ಅಲ್ಲಿನ ದೊಡ್ಡಮನೆಗಳೂ ಹೀಗೇ ಹೇಳಿದ್ದವು.

ಕಾಂಪಾಯ್ ಸೆಗುಂದೊ ಎಂಬ ಹೆಸರನ್ನು ನಮ್ಮ ಹೊಗೆಸೊಪ್ಪಿನ ತಾಲ್ಲೂಕುಗಳು ಕೇಳಿರಬೇಕಿತ್ತು. 1907ರಲ್ಲಿ ಹುಟ್ಟಿದ ಈ ಹಾಡುಗಾರ ಎಷ್ಟೋ ವರ್ಷ ಹವಾನಾದ ಚುಟ್ಟದ ಕಾರ್ಖಾನೆಯಲ್ಲಿ ಎಲೆ ಸುತ್ತಿ ಹೊಟ್ಟೆ ಹೊರೆದವರು. ತಮ್ಮ ಕೈಗೆ ಒಗ್ಗುವಂತೆ ಏಳು ತಂತಿಯ ಗಿಟಾರೊಂದನ್ನು ತಾವೇ ಮಾಡಿಕೊಂಡಿದ್ದರು. 1996ರಲ್ಲಿ ಹವಾನಾದ ಹಳೆಯ ಸ್ಟುಡಿಯೊ ಒಂದರಲ್ಲಿ ಅವರನ್ನೂ ಅವರಂಥ ಮುದಿ ಸಂಗೀತಗಾರರನ್ನೂ ಕೂರಿಸಿ ‘ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್’ ಎಂಬ ಆಲ್ಬಂ ಮಾಡಿದರು. 1997ರಲ್ಲಿ ಅದು ಹೊರಬಂದಾಗ ಕಾಂಪಾಯ್‌ಗೆ ಎಂಬತ್ತೊಂಬತ್ತು ವರ್ಷ. ಅದರಲ್ಲಿ ಹಾಡಿದ ಇಬ್ರಾಹಿಂ ಫೆರೇರ್ ಹಾಡುವುದನ್ನೇ ಬಿಟ್ಟು ಬೂಟು ಪಾಲಿಷ್ ಮಾಡಿಕೊಂಡಿದ್ದರು. ರೂಬೆನ್ ಗೊನ್ಸಾಲೆಸ್ ಎಂಬ ಅಪ್ರತಿಮ ಪಿಯಾನೊ ವಾದಕರ ಮನೆಯಲ್ಲಿ ಪಿಯಾನೊ ಇರಲಿಲ್ಲ. ಇವರನ್ನೆಲ್ಲ ಜಗತ್ತು ತಲೆಯ ಮೇಲೆ ಹೊತ್ತು ಮೆರೆಸಿತು, ಆದರೆ ಎಷ್ಟು ತಡವಾಗಿ! ಹೊಗೆಸೊಪ್ಪಿನ ಅಂಟು ಹತ್ತಿದ ಬೆರಳಿನಿಂದ ಹೊರಟ ಸ್ವರವನ್ನು ಪಿರಿಯಾಪಟ್ಟಣದವರು, ಹುಣಸೂರಿನವರು ಪರದೇಶಿ ಎಂದರೆ ನನಗೆ ಸಂಕಟವಾಗುತ್ತದೆ. ಸೇಲಿಯಾ ಕ್ರೂಸ್ ಎಂಬ ಮಹಾಗಾಯಕಿ ವೇದಿಕೆಯ ಮೇಲೆ ಹಾಡಿನ ನಡುವೆ ‘ಅಸೂಕರ್’ ಎಂದು ಕೂಗುತ್ತಿದ್ದರು. ಸಕ್ಕರೆ ಎಂದರ್ಥ. ಆ ಒಂದು ಕೂಗಿನಲ್ಲಿ ಕಬ್ಬಿನ ಗದ್ದೆಯಲ್ಲಿ ಬೆನ್ನು ಮುರಿದುಕೊಂಡವರ ನೆನಪನ್ನೂ ಅವರ ಜನ ಕೇಳುತ್ತಿದ್ದರು. ಕಬ್ಬಿನ ಗರಿ ಮೈ ಕೊಯ್ದ ಉರಿ ಬಲ್ಲವರಿಗೆ ಆ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಪರದೇಶಿ ಎಂಬ ಆಪಾದನೆಯನ್ನು ನಮ್ಮ ಅಡುಗೆಮನೆಯೇ ಒಪ್ಪುವುದಿಲ್ಲ. ಮುದ್ದೆಯ ಜೊತೆಗಿನ ಸಾರಿಗೆ ಹಾಕುವ ಮೆಣಸಿನಕಾಯಿ, ಹೊಲದ ಮುಸುಕಿನ ಜೋಳ, ಟೊಮೆಟೊ, ಜಾತ್ರೆಯಲ್ಲಿ ಪುರಿಯ ಜೊತೆಗೆ ಕಟ್ಟಿಸಿಕೊಳ್ಳುವ ಕಡಲೆಕಾಯಿ, ಎಲ್ಲವೂ ಆ ಖಂಡದಿಂದ ಹಡಗೇರಿ ಬಂದವು. ಕಡಲೆಕಾಯಿಗೆ ಅಲ್ಲಿ ಒಂದು ಹಾಡೂ ಇದೆ. ಹವಾನಾದ ಬೀದಿಯಲ್ಲಿ ಕಡಲೆಕಾಯಿ ಮಾರುವವನು ಕೂಗುವ ಕೂಗನ್ನೇ ಹಿಡಿದು ಮೊಯ್ಸೆಸ್ ಸಿಮೊನ್ಸ್ ಎಂಬ ಸಂಗೀತಗಾರ ‘ಎಲ್ ಮನಿಸೇರೊ’ ಕಟ್ಟಿದರು. ಹೆಸರಿನ ಅರ್ಥವೇ ಕಡಲೆಕಾಯಿ ಮಾರುವವನು. 1930ರಲ್ಲಿ ದೋನ್ ಅಸ್ಪಿಯಾಸು ಅವರ ವಾದ್ಯವೃಂದ ಅದನ್ನು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿತು, ಆಂತೋನಿಯೊ ಮಚೀನ್ ಹಾಡಿದರು. ಅಮೆರಿಕದ ನಗರಗಳಲ್ಲಿ ಕ್ಯೂಬಾದ ಸಂಗೀತಕ್ಕೆ ಹುಚ್ಚು ಹಿಡಿಸಿದ ತಟ್ಟೆ ಅದು. ಅಷ್ಟು ದೊಡ್ಡ ಅಲೆ ಎದ್ದದ್ದು ಬುಟ್ಟಿ ಹೊತ್ತ ಮಾರಾಟಗಾರನ ಗಂಟಲಿನಿಂದ. ಚುಂಚನಕಟ್ಟೆ ಜಾತ್ರೆಯ ಬೀದಿಯಲ್ಲಿ ಪುರಿ-ಖಾರ ಮಾರುವವನ ಕೂಗನ್ನು ನಾನು ಎಷ್ಟೋ ಸಲ ನಿಂತು ಕೇಳಿದ್ದೇನೆ. ಕೊನೆಯ ಅಕ್ಷರವನ್ನು ಎಳೆದು ಮೇಲಕ್ಕೆ ಒಯ್ದು ಥಟ್ಟನೆ ಬಿಡುತ್ತಾನೆ. ಅದರಲ್ಲೊಂದು ಹಾಡಿದೆಯೆಂದು ಇಲ್ಲಿ ಯಾರಿಗೂ ಅನ್ನಿಸಿಲ್ಲ.

ಲಯದ ಮಾತಿಗೆ ಬರುತ್ತೇನೆ. ಇಲ್ಲಿ ಓದುಗರು ತೊಡೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಲ್ಯಾಟಿನ್ ಹಾಡುಗಳ ಒಳಗೆ ಕ್ಲಾವೆ ಎಂಬ ಒಂದು ಬಡಿತವಿದೆ. ಎರಡು ಗಟ್ಟಿಮರದ ಕಡ್ಡಿಗಳನ್ನು ಒಂದಕ್ಕೊಂದು ಬಡಿಯುವುದು. ಹಡಗು ಕಟ್ಟುವಾಗ ಬಡಿಯುವ ಮರದ ಗೂಟಗಳೇ ಆ ಕಡ್ಡಿಗಳಾದವು ಎಂದು ಕ್ಯೂಬಾದಲ್ಲಿ ಹೇಳುತ್ತಾರೆ. ಹದಿನಾರು ಎಣಿಕೆಯಲ್ಲಿ ಐದೇ ಪೆಟ್ಟು. ಅದನ್ನು ನಮ್ಮ ಬಾಯಿಲೆಕ್ಕದಲ್ಲಿ ಹೇಳುವುದಾದರೆ: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಪ್ರತಿ ಸೊಲ್ಲಿನ ಮೊದಲಕ್ಷರಕ್ಕೆ ಒಂದು ಚಪ್ಪಾಳೆ ಹಾಕಿ ನೋಡಿ. ಇಡೀ ಕ್ಯೂಬಾ ನಿಮ್ಮ ಅಂಗೈಯಲ್ಲಿ ಕೂತಿರುತ್ತದೆ. ಅದರ ಮೊದಲರ್ಧವನ್ನು ಇನ್ನಷ್ಟು ಸರಳ ಮಾಡಿ ತಕಿಟ ತಕಿಟ ತಕ ಎಂದರೆ ‘ಡೆಸ್ಪಸೀತೊ’ವಿನ ಕೆಳಗೆ ಹರಿಯುವ ನಡೆ. ಎಂಟನ್ನು ನಾಲ್ಕು-ನಾಲ್ಕಾಗಿ ಸಮ ಮಾಡದೆ ಮೂರು-ಮೂರು-ಎರಡಾಗಿ ಒಡೆದು, ಆ ಕೊರತೆಯಲ್ಲಿ ಕಾಲನ್ನು ಎತ್ತಿಸುವ ಗುಟ್ಟು ನಮ್ಮ ಲಯಗಾರರಿಗೂ ಗೊತ್ತು, ಆಫ್ರಿಕಾದವರಿಗೂ ಗೊತ್ತು. ಆದ್ದರಿಂದಲೇ ಸ್ಪೀಕರಿನಲ್ಲಿ ಆ ಹಾಡು ಬಂದ ಗಳಿಗೆಗೆ ಎತ್ತಿನ ಮುಂದೆ ನಿಂತ ತಮಟೆಯವರ ಹೆಗಲು ತಾನಾಗಿ ಅಲುಗುತ್ತದೆ. ನಾನು ನೋಡಿದ್ದೇನೆ. ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸುತ್ತಿದ್ದ ಒಬ್ಬರು, ತಮಟೆಯನ್ನು ಎದೆಗೆ ತೂಗಿಕೊಂಡು, ಆ ಸ್ಪೀಕರಿನ ನಡೆಗೆ ತಮ್ಮ ಸಣ್ಣ ಕಡ್ಡಿಯಿಂದ ಒಂದು ಉರುಳಿಕೆ ಸೇರಿಸಿದರು. ಅದು ಎಷ್ಟು ಸರಿಯಾಗಿ ಕೂತಿತೆಂದರೆ ಕುಣಿಯುತ್ತಿದ್ದ ಹುಡುಗರು ತಿರುಗಿ ನೋಡಿದರು. ಪರದೇಶಿ ಎಂದು ಸಿಡುಕುವವರು ಈ ಕಡೆ ನೋಡುತ್ತಿರಲಿಲ್ಲ.

ಈ ಸಿಡುಕಿಗೆ ಹಳೆಯ ವಂಶಾವಳಿಯಿದೆ. ಹಾರ್ಮೋನಿಯಂ ಪರದೇಶಿ ಎಂದು 1940ರಿಂದ ಮೂರು ದಶಕ ರೇಡಿಯೊದಲ್ಲಿ ಅದಕ್ಕೆ ಬಾಗಿಲು ಹಾಕಿದ್ದರು. ಅದೇ ಹೊತ್ತಿಗೆ ನಮ್ಮ ಕಂಪನಿ ನಾಟಕಗಳು ಕಾಲುಪೆಟ್ಟಿಗೆ ಒತ್ತಿಕೊಂಡು ಊರೂರು ಸುತ್ತುತ್ತಿದ್ದವು, ಕನ್ನಡದ ಅರ್ಧ ರಂಗಗೀತೆ ಆ ಪೆಟ್ಟಿಗೆಯ ಉಸಿರಿನಿಂದಲೇ ಬದುಕಿತ್ತು. ಪಿಟೀಲು ಹೊರಗಿನದು, ಇಂದು ಅದಿಲ್ಲದೆ ಕಛೇರಿ ಇಲ್ಲ. ದಕ್ಷಿಣ ಕನ್ನಡದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಬೆರಗಾಗಿ, ಇದನ್ನೇ ಕಲಿಯುತ್ತೇನೆಂದು ಹೊರಟ. ಆತ ಕದ್ರಿ ಗೋಪಾಲನಾಥ್ ಆಗಿ ಬೆಳೆದು ಆ ಹಿತ್ತಾಳೆಯ ಕೊಳವೆಯಲ್ಲಿ ತ್ಯಾಗರಾಜರನ್ನು ನುಡಿಸಿದಾಗ ಯಾರ ಸಂಸ್ಕೃತಿ ಕೆಟ್ಟಿತು? ಇಂದು ನಮ್ಮ ಕಡೆಯ ಮದುವೆ ಮನೆಗಳಲ್ಲಿ ಓಲಗದ ಪಕ್ಕದಲ್ಲಿ ಸ್ಯಾಕ್ಸೊಫೋನ್ ಊದಿದರೆ ಮುತ್ತೈದೆಯರು ಆರತಿ ತಟ್ಟೆ ಹಿಡಿದು ಹೆಮ್ಮೆಯಿಂದ ಮುಂದೆ ಬರುತ್ತಾರೆ.

ಲ್ಯಾಟಿನ್ ವಾದ್ಯಗಳಂತೂ ನಮ್ಮ ಮನೆಯೊಳಗೆ ಬಂದು ಎರಡು ತಲೆಮಾರಿಗಿಂತ ಹೆಚ್ಚಾಯಿತು. ಮುಂಬಯಿಯ ಚಿತ್ರಸಂಗೀತಕ್ಕೆ ಬೋಂಗೋ, ಕಾಂಗಾ, ಮರಾಕಾಗಳನ್ನು ತಂದವರಲ್ಲಿ ಕಾವಸ್ ಲಾರ್ಡ್ ಎಂಬ ಪಾರಸಿ ವಾದಕರು ಮೊದಲಿಗರು. ಗೋವಾದ ವಾದಕರು ಅದಕ್ಕೆ ಕೈಜೋಡಿಸಿದರು. 1950ರ ‘ಸಮಾಧಿ’ಯಲ್ಲಿ ಸಿ. ರಾಮಚಂದ್ರ ಅಂಥದೊಂದು ಲ್ಯಾಟಿನ್ ಹಾಡಿನ ಧಾಟಿಯನ್ನು ಹಿಂದಿಗೆ ತಂದಾಗ ದೇಶವೇ ಗುನುಗಿತು. ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾದ ಕನ್ನಡದ ಹಾಡುಗಳಿಗೂ ಆ ಗಾಳಿ ಬೀಸಿತು. ಮೈಸೂರಿನ ಶಿವರಾಂಪೇಟೆಯ ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್: ಅರವತ್ತು-ಎಪ್ಪತ್ತರ ದಶಕದ ಅವರ ಹಾಡುಗಳನ್ನು ಕಣ್ಣುಮುಚ್ಚಿ ಕೇಳಿ. ಎಷ್ಟೊಂದು ಕಡೆ ತಬಲದ ಪಕ್ಕದಲ್ಲಿ ಬೋಂಗೋದ ಜೋಡಿಪೆಟ್ಟು ಓಡುತ್ತಿರುತ್ತದೆ. ‘ಆಗಿನ ಹಾಡು ಎಂದರೆ ಹಾಡು’ ಎಂದು ನಾವು ನಿಟ್ಟುಸಿರು ಬಿಡುವ ಹಾಡುಗಳೇ ಅವು. ಆ ಜೋಡಿಪೆಟ್ಟು ಕ್ಯೂಬಾದ್ದು. ರಾತ್ರಿಯ ರಸಮಂಜರಿಯಲ್ಲಿ ನಮ್ಮ ತಾಲ್ಲೂಕಿನ ಹುಡುಗ ರಿದಂ ಪ್ಯಾಡಿನ ಮೇಲೆ ಕಡ್ಡಿಯಿಂದ ಹೊಡೆದಾಗ ಹೊರಡುವ ಕಾಂಗಾದ ನಾದ ಯಾರ ಅಂಗೈಯದೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಇನ್ನು ಅರ್ಥವಿಲ್ಲ ಎಂಬ ಮಾತು. ನನ್ನನ್ನು ಹೆಚ್ಚು ಕೆರಳಿಸುವುದು ಇದು. ಭಾಷೆ ತಿಳಿಯದಿದ್ದರೆ ತಿಳಿಯದು ಎನ್ನಬೇಕು, ಅರ್ಥವಿಲ್ಲ ಎನ್ನಬಾರದು. ‘ಲಂಬಾಡಾ’ ಹಾಡು 1989ರಲ್ಲಿ ಕಾವೋಮಾ ಎಂಬ ತಂಡದ ಹೆಸರಿನಲ್ಲಿ ಫ್ರಾನ್ಸಿನಿಂದ ಹೊರಟು ಜಗತ್ತನ್ನೆಲ್ಲ ಕುಣಿಸಿತು. ಮರುವರ್ಷವೇ ‘ಘಾಯಲ್’ ಚಿತ್ರದ ಮೂಲಕ ಹಿಂದಿಯ ವೇಷ ತೊಟ್ಟು ನಮ್ಮ ಟೆಂಟುಗಳಿಗೂ ಬಂತು. ಸೊಂಟ ಬಳುಕಿಸುವ ಹಗುರ ಹಾಡೆಂದು ಎಲ್ಲರೂ ತಿಳಿದರು. ಆ ಧಾಟಿಯ ನಿಜವಾದ ಒಡೆಯರು ಬೊಲಿವಿಯಾದ ಕೋಚಬಂಬಾ ಸೀಮೆಯ ಎರ್ಮೋಸಾ ಅಣ್ಣತಮ್ಮಂದಿರು, ಲೋಸ್ ಕಾರ್ಕಾಸ್ ಎಂಬ ತಂಡದವರು. 1981ರಲ್ಲೇ ಅವರು ಅದನ್ನು ಹಾಡಿದ್ದರು. ಅವರ ಹಾಡಿನ ಹೆಸರಿಗೆ ‘ಅಳುತ್ತ ಹೊರಟುಹೋದಳು’ ಎಂದರ್ಥ. ಬಿಟ್ಟುಹೋದ ಪ್ರೀತಿಗೆ ಆಂಡಿಸ್ ಬೆಟ್ಟದ ಕೊಳಲಿನಲ್ಲಿ ಮಿಡಿದ ದುಃಖ ಅದು. ಫ್ರಾನ್ಸಿನ ನಿರ್ಮಾಪಕರು ಆ ಅಳುವನ್ನು ತೆಗೆದುಕೊಂಡು, ಇಲ್ಲದ ಮನುಷ್ಯನೊಬ್ಬನ ಹೆಸರನ್ನು ಕರ್ತೃವಾಗಿ ಬರೆಸಿ ಮಾರಿದರು. ಬೆಟ್ಟದಿಂದ ಇಳಿದು ಬಂದು ಆ ಅಣ್ಣತಮ್ಮಂದಿರು ಕಾನೂನಿನ ಹೋರಾಟ ಮಾಡಿ ತಮ್ಮ ಹಾಡನ್ನು ತಾವೇ ಗೆದ್ದುಕೊಂಡರು. 2011ರಲ್ಲಿ ಜೆನಿಫರ್ ಲೋಪೆಸ್ ಅದೇ ಧಾಟಿಯನ್ನು ಬಳಸಿದಾಗ ಅವರ ಹೆಸರುಗಳು ಸರಿಯಾಗಿ ಅಚ್ಚಾದವು. ಅರ್ಥ ಇಲ್ಲದ್ದು ಹಾಡಿನಲ್ಲಲ್ಲ. ಅರ್ಥವನ್ನೂ ಹೆಸರನ್ನೂ ಒಟ್ಟಿಗೆ ಕಿತ್ತುಹಾಕಿ ನಮ್ಮ ಕೈಗೆ ಕೊಟ್ಟರು, ನಾವು ಸಿಪ್ಪೆಯನ್ನು ನೋಡಿ ತಿರುಳಿಲ್ಲ ಎಂದೆವು.

‘ಎಲ್ ಕೊಂದೋರ್ ಪಾಸಾ’ದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. 1970ರಲ್ಲಿ ಅಮೆರಿಕದ ಹಾಡುಗಾರರಾದ ಸೈಮನ್ ಮತ್ತು ಗಾರ್ಫಂಕಲ್ ಅದನ್ನು ಇಂಗ್ಲಿಷಿನಲ್ಲಿ ಹಾಡಿ ಮನೆಮಾತು ಮಾಡಿದರು. ಪ್ಯಾರಿಸ್ಸಿನಲ್ಲಿ ಲೋಸ್ ಇಂಕಾಸ್ ತಂಡದಿಂದ ಕೇಳಿದ ಸೈಮನ್ ಅದನ್ನು ಯಾರದೂ ಅಲ್ಲದ ಜನಪದ ಧಾಟಿ ಎಂದು ನಂಬಿದ್ದರು. ಆದರೆ ಅದು ಪೆರುವಿನ ದಾನಿಯೇಲ್ ಅಲೊಮಿಯಾ ರೊಬ್ಲೆಸ್ ಎಂಬ ಸಂಗೀತಗಾರ 1913ರಲ್ಲಿ ಲಿಮಾ ನಗರದ ರಂಗಭೂಮಿಗೆಂದು ಬರೆದ ಸಂಗೀತ ನಾಟಕದ ಭಾಗ. ಹೊರದೇಶದ ಒಡೆಯರ ಗಣಿಯಲ್ಲಿ ಸಾಯುತ್ತಿದ್ದ ಆಂಡಿಸ್ ಕೂಲಿಗಳ ನಾಟಕ ಅದು. ಅವರ ಮಗ, ಚಿತ್ರನಿರ್ದೇಶಕ ಅರ್ಮಾಂದೊ ರೊಬ್ಲೆಸ್ ಗೊದೊಯ್ ನ್ಯಾಯಾಲಯಕ್ಕೆ ಹೋದ ಮೇಲೆ ತಂದೆಯ ಹೆಸರು ಮತ್ತೆ ಹಾಡಿಗೆ ಸೇರಿತು. ಯಾರೂ ಅಲ್ಲಿ ಕದಿಯಲೆಂದು ಹೊರಟಿರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಬೆಟ್ಟದ ಜನರ ಕೊಳಲು ಕೇಳಿದೊಡನೆ ಇದಕ್ಕೆ ಕರ್ತೃ ಇರಲಾರ ಎಂದು ಮನಸ್ಸು ತಾನಾಗಿ ತೀರ್ಮಾನಿಸಿಬಿಟ್ಟಿತು.

ಅರ್ಥದ ಮಾತಿಗೆ ಮರಳಿದರೆ, ‘ಗ್ವಾಂತನಾಮೇರಾ’ ಹಾಡಿನ ಧಾಟಿ ಹವಾನಾದ ರೇಡಿಯೊ ಹಾಡುಗಾರ ಹೊಸೇಯಿತೊ ಫೆರ್ನಾಂದೆಸ್ ಅವರ ಹೆಸರಿನೊಂದಿಗೆ ಬೆಸೆದದ್ದು. ಹೂಲಿಯಾನ್ ಓರ್ಬೊನ್ ಎಂಬ ಸಂಗೀತಗಾರ ಅದಕ್ಕೆ ಕ್ಯೂಬಾದ ಸ್ವಾತಂತ್ರ್ಯಕ್ಕಾಗಿ 1895ರಲ್ಲಿ ರಣರಂಗದಲ್ಲಿ ಸತ್ತ ಕವಿ ಹೊಸೇ ಮಾರ್ತಿಯ ಸಾಲುಗಳನ್ನು ಹೊಂದಿಸಿದರು. ಚಿಲಿಯ ಹಾಡುಗಾರ ವೀಕ್ತೊರ್ ಹಾರಾ ಹೊಲದ ಕೂಲಿಯ ಮಗ, ಹಾಡನ್ನು ತಾಯಿಯಿಂದ ಕಲಿತವನು. 1973ರ ಸೆಪ್ಟೆಂಬರಿನಲ್ಲಿ ಸೇನೆ ಅವನನ್ನು ಕ್ರೀಡಾಂಗಣವೊಂದರಲ್ಲಿ ಕೂಡಿಹಾಕಿ, ಗಿಟಾರ್ ನುಡಿಸಿದ ಕೈಗಳನ್ನು ಜಜ್ಜಿ, ಗುಂಡಿಟ್ಟು ಕೊಂದಿತು. ಅದೇ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಸಿದ್ಧಲಿಂಗಯ್ಯನವರ ಹಾಡು ಹಾಡುತ್ತ ನಡೆದಿದ್ದರು. ಸಾವಿಗೆ, ಮಾರಿಹಬ್ಬಕ್ಕೆ, ಒಡೆಯರ ಮೆರವಣಿಗೆಗೆ ಮಾತ್ರ ಬಾರಿಸಬೇಕಿದ್ದ ಚರ್ಮ ಅಂದು ತನಗಾಗಿ ತಾನು ಮಾತಾಡಿತು. ಹಾರಾನ ಹಾಡಿಗೆ ಅರ್ಥವಿಲ್ಲ ಎಂದು ಆ ಹುಡುಗರ ಮುಂದೆ ಯಾರೂ ಹೇಳಲಾರರು.

ಎಲ್ಲ ಲ್ಯಾಟಿನ್ ಹಾಡೂ ಹೀಗೆ ಎಂದು ನಾನು ವಾದಿಸುತ್ತಿಲ್ಲ. ಹೆಣ್ಣನ್ನು ಸರಕಿನಂತೆ ಕಾಣುವ ಹೊಲಸು ಹಾಡುಗಳು ಅಲ್ಲೂ ಇವೆ, ಕನ್ನಡದಲ್ಲೂ ಇವೆ. ಒಂದೊಂದನ್ನೇ ಎತ್ತಿಕೊಂಡು ಬೈಯಿರಿ, ನಾನೂ ಸೇರುತ್ತೇನೆ. ಸ್ಪೀಕರಿನ ಅಬ್ಬರಕ್ಕೆ ಎತ್ತುಗಳು ಬೆದರಿ ಹಗ್ಗ ಜಗ್ಗುತ್ತವೆ, ಹಸುಗೂಸು ಕಿಟಾರನೆ ಕಿರುಚುತ್ತದೆ ಎಂಬ ದೂರೂ ನಿಜ. ಆ ಅಬ್ಬರ ಭಕ್ತಿಗೀತೆಯದಾದರೂ ಎತ್ತು ಬೆದರುತ್ತದೆ. ಸದ್ದು ತಗ್ಗಿಸಿ ಎನ್ನುವುದು ಒಂದು ಮಾತು, ಆ ನಾಡಿನ ಹಾಡೇ ಕೀಳು ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳಬೇಕಾದ ಕಡೆ ಎರಡನೆಯದನ್ನು ಹೇಳುವುದು ನಮಗೆ ಸುಲಭದ ಅಭ್ಯಾಸವಾಗಿದೆ.

ನಮ್ಮ ಹಾಡು ಸತ್ತದ್ದು ಇದರಿಂದಲೇ ಎಂಬ ಆಪಾದನೆಯನ್ನಂತೂ ನಾನು ಪೂರ್ತಿ ತಳ್ಳಿಹಾಕುತ್ತೇನೆ. ತಮಟೆಯವರನ್ನು ಊರೊಳಗಿನ ಜಗುಲಿಗೆ ಕರೆಯದೆ ಹೊರಗೆ ನಿಲ್ಲಿಸಿದ್ದು ಪೋರ್ತೊ ರೀಕೊದವರಲ್ಲ. ಎಲೆ ಹಾಕಿ ಪ್ರತ್ಯೇಕ ಊಟ ಬಡಿಸಿದ್ದು ಕ್ಯೂಬಾದವರಲ್ಲ. ಬಾರಿಸುವವರ ಮಕ್ಕಳು ಆ ವಾದ್ಯವನ್ನು ಮುಟ್ಟಲು ನಾಚುವಂತೆ ಮಾಡಿದ ಅವಮಾನ ಯಾವ ಸ್ಪೀಕರಿನಿಂದಲೂ ಬರಲಿಲ್ಲ. ಸೋಬಾನೆ ಹೇಳುತ್ತಿದ್ದ ಅಜ್ಜಿಯರಿಂದ ಹಾಡು ಬರೆದುಕೊಂಡು ಹೋದವರು ಕ್ಯಾಸೆಟ್ಟಿನ ಮೇಲೆ ‘ಸಾಹಿತ್ಯ: ಜನಪದ’ ಎಂದು ಅಚ್ಚು ಹಾಕಿದರು. ಹೇಳಿಕೊಟ್ಟ ಅಜ್ಜಿಗೆ ಹೆಸರಿತ್ತು, ಊರಿತ್ತು. ಆಕೆ ತಾನೇ ಸೇರಿಸಿದ ಸೊಲ್ಲುಗಳಿದ್ದವು. ಅಲೊಮಿಯಾ ರೊಬ್ಲೆಸ್‌ಗೆ ಪ್ಯಾರಿಸ್ಸಿನಲ್ಲಿ ಆದದ್ದೇ ಅವಳಿಗೆ ನಮ್ಮ ಜಗುಲಿಯ ಮೇಲೆ ಆಯಿತು. ರೊಬ್ಲೆಸ್‌ಗೆ ನ್ಯಾಯಾಲಯಕ್ಕೆ ಹೋಗಬಲ್ಲ ಮಗನಿದ್ದ, ಅಜ್ಜಿಗೆ ಇರಲಿಲ್ಲ. ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನನ್ನ ಕಣ್ಣು ತುಂಬಿತು. ಕಾಂಪಾಯ್ ಸೆಗುಂದೊಗೆ ಆದಂತೆ ಅಲ್ಲೂ ತಡವಾಗಿತ್ತು, ಆದರೂ ಬಂತು. ಅವರೊಬ್ಬರ ಹಿಂದೆ ಹೆಸರಿಲ್ಲದೆ ನಿಂತವರೆಷ್ಟು!

ಲ್ಯಾಟಿನ್ ಹಾಡಿನಲ್ಲಿ ನಾವು ನಿಜವಾಗಿ ಕಲಿಯಬೇಕಾದದ್ದು ಇಲ್ಲಿದೆ. ಆ ಹಾಡುಗಳ ಹಿಂದಿನ ವಾದಕರ ಹೆಸರನ್ನು ಅವರ ಜನ ಬಿಡದೆ ಹುಡುಕಿ ಹಿಡಿದಿಟ್ಟಿದ್ದಾರೆ. ‘ಡೆಸ್ಪಸೀತೊ’ ಎಂದರೆ ನಮಗೆ ಲೂಯಿಸ್ ಫೋನ್ಸಿ, ಡ್ಯಾಡಿ ಯಾಂಕಿ ಅಷ್ಟೆ. ಅದನ್ನು ಅವರೊಂದಿಗೆ ಕೂತು ಬರೆದವರು ಪನಾಮಾದ ಎರಿಕಾ ಎಂದೇರ್ ಎಂಬ ಹೆಣ್ಣುಮಗಳು. ಹಾಡು ಶುರುವಾಗುತ್ತಲೇ ಕೇಳಿಸುವ ಆ ತಂತಿಯ ಮಿಂಚು ಪೋರ್ತೊ ರೀಕೊದ ರೈತಾಪಿ ಜನರ ಹತ್ತು ತಂತಿಯ ವಾದ್ಯ ಕ್ವಾತ್ರೊ, ನುಡಿಸಿದವರು ಕ್ರಿಸ್ತಿಯಾನ್ ನಿಯೆವೆಸ್. ಸಂತಾನಾ ತಂಡ 1970ರಲ್ಲಿ ಮೆರೆಸಿದ ‘ಓಯೆ ಕೋಮೊ ವಾ’ ತೀತೊ ಪ್ವೆಂತೆ ಎಂಬ ಸಂಗೀತಗಾರರದು ಎಂದು ಅಲ್ಲಿನ ಹುಡುಗರಿಗೆ ಗೊತ್ತು. ಪ್ವೆಂತೆ ಅದನ್ನು ಮೊದಲು ಧ್ವನಿಮುದ್ರಿಸಿದ್ದು 1962ರಲ್ಲಿ, ಅದರ ಬುಡದಲ್ಲಿರುವ ನಡೆ ಕಚಾವೊ ಎಂಬ ಬೇಸ್ ವಾದಕರದ್ದು ಎಂದೂ ಗೊತ್ತು. ನಮ್ಮ ಬಂಗಾರದ ಹಾಡುಗಳಲ್ಲಿ ಬೋಂಗೋ ನುಡಿಸಿದ ಕೈ ಯಾರದೆಂದು ಕೇಳಿದರೆ ತಟ್ಟೆಯ ಮೇಲೆ ಗಾಯಕರು, ಸಾಹಿತಿ, ಸಂಗೀತ ನಿರ್ದೇಶಕರು, ಅಲ್ಲಿಗೆ ಮುಗಿಯಿತು.

ಹೆಸರಿನ ಮಾತು ಬಂತಲ್ಲ, ಚುಂಚನಕಟ್ಟೆ ಎಂಬ ಹೆಸರು ಬಂದದ್ದಾದರೂ ಹೇಗೆ? ಚುಂಚ, ಚುಂಚಿ ಎಂಬ ಕಾಡಿನ ಗಂಡಹೆಂಡಿರು ಎಲ್ಲಿಂದಲೋ ನಡೆದು ಬಂದ ಮೂವರಿಗೆ ನೆಲೆ ಕೊಟ್ಟು, ಉಣ್ಣಿಸಿ ಉಪಚರಿಸಿದರಂತೆ. ಬಂದವರು ಯಾರು, ಯಾವ ಸೀಮೆಯವರು, ಯಾವ ಮಾತಾಡುತ್ತಾರೆ ಎಂದು ಅವರು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಲಿಲ್ಲ. ಅಯೋಧ್ಯೆಯ ರಾಮನಿಗೆ ಇಲ್ಲಿ ಗುಡಿಯಾಯಿತು, ಊರಿಗೆ ಮಾತ್ರ ಕಾಡಿನ ಜೋಡಿಯ ಹೆಸರೇ ಉಳಿಯಿತು. ಅದೇ ಕೋದಂಡರಾಮನ ಗುಡಿಯ ಬಗ್ಗೆ ಇನ್ನೊಂದು ಮಾತಿದೆ. ಹೊರಗೆ ಕಾವೇರಿ ಎರಡು ಸೀಳಾಗಿ ಬಂಡೆಯಿಂದ ಧುಮುಕಿ ಭೋರ್ಗರೆಯುತ್ತಿದ್ದರೂ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸುವುದಿಲ್ಲ ಎನ್ನುತ್ತಾರೆ. ಅಲ್ಲಿ ಕಣ್ಣುಮುಚ್ಚಿ ನಿಂತಾಗ ಸಿಗುವ ನೆಮ್ಮದಿಯನ್ನು ನಾನೂ ಬಲ್ಲೆ. ಆದರೆ ಆ ಸುಖದಲ್ಲೇ ನಿಂತು ಹೊರಗೆ ನದಿಯೇ ಇಲ್ಲ ಎಂದು ಸಾರಲು ಆಗದು. ಪರದೇಶಿ ಹಾಡೆಂದು ಸಿಡುಕುವವರು ಮಾಡುತ್ತಿರುವುದು ಅದನ್ನೇ. ನಾಲ್ಕು ಹೆಜ್ಜೆ ಹೊರಗೆ ಬಂದರೆ ನೀರಿನ ಸದ್ದೂ ಇದೆ, ತಮಟೆಯ ಸದ್ದೂ ಇದೆ, ಕಬ್ಬು ಕಡಿದವರ ಮಕ್ಕಳು ಕಡಲಾಚೆಯಿಂದ ಕಳಿಸಿದ ಸದ್ದೂ ಇದೆ.

ನಮ್ಮ ಸುತ್ತಿನ ಊರುಗಳ ಜಾತ್ರೆ, ಹಬ್ಬ, ಉತ್ಸವಗಳ ಕರೆಯೋಲೆಗಳನ್ನು ನಾನು ವರ್ಷಗಳಿಂದ ಕೂಡಿಟ್ಟಿದ್ದೇನೆ. ಮೇಲಿನಿಂದ ಕೆಳಗಿನವರೆಗೆ ಹೆಸರೋ ಹೆಸರು: ಉದ್ಘಾಟಿಸುವವರು, ಘನ ಉಪಸ್ಥಿತಿಯವರು, ಅಧ್ಯಕ್ಷರು, ದಾನಿಗಳು, ಶಾಮಿಯಾನ ಹಾಕಿದವರು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು, ‘ತಮಟೆ, ನಗಾರಿ ಮತ್ತು ಮಂಗಳವಾದ್ಯ ಇರುತ್ತದೆ’. ವಾದ್ಯ ಇರುತ್ತದಂತೆ, ಬಾರಿಸುವವರು ಯಾರೂ ಇಲ್ಲ. ಮುಂದಿನ ಸಂಕ್ರಾಂತಿಗೆ ಅಚ್ಚಾಗುವ ಓಲೆಯಲ್ಲಿ ಆ ಸಾಲು ಇರುವ ಕಡೆ ಅವರ ಹೆಸರುಗಳು ಬರಲಿ. ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು, ಊರಿನ ಹೆಸರಿನೊಂದಿಗೆ. ತೇರು ಹೊರಡುವ ಮುನ್ನ ಮೈಕಿನಲ್ಲಿ ಒಬ್ಬೊಬ್ಬರನ್ನೇ ಕೂಗಿ ಕರೆಯಲಿ. ಆ ದಿನ ಬೇಕಾದರೆ ನನ್ನನ್ನೂ ಕರೆಯಿರಿ. ರಾಟವಾಳದ ಪಕ್ಕದ ಸ್ಪೀಕರಿನಲ್ಲಿ ಯಾವ ಹಾಡು ಬೇಕು, ಯಾವುದು ಬೇಡ ಎಂಬ ಮಾತಿಗೆ ಅಲ್ಲೇ ಅರಳಿಮರದ ಕೆಳಗೆ ಕೂತುಕೊಳ್ಳೋಣ.